ಸ್ವಯಂಸೇವಕರ ಪತ್ರಿಕೆಗೆ ವರ್ಡ್‌ಪ್ರೆಸ್: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್) ಸಮುದಾಯದಲ್ಲಿ ಯಾರಾದರೂ "ನಮ್ಮದೇ ಒಂದು ಆನ್‌ಲೈನ್ ಪತ್ರಿಕೆ ಶುರು ಮಾಡೋಣ" ಅಂದರೆ ಸಾಕು, ಬರೆಯುವವರು ಯಾರು, ತಿದ್ದುವವರು ಯಾರು ಅಂತ ಕೇಳುವ ಮೊದಲೇ ಯಾವ ಸಾಫ್ಟ್‌ವೇರ್ ಬಳಸಬೇಕು ಅನ್ನುವ ಚರ್ಚೆ ಎದ್ದುಬಿಡುತ್ತದೆ. ನಮ್ಮಲ್ಲೂ ಎದ್ದಿತ್ತು. ಕೊನೆಗೆ ವೆಬ್‌ಸೈಟ್ ಕಟ್ಟಿ ನಡೆಸಲು ಬಳಸುವ ವರ್ಡ್‌ಪ್ರೆಸ್ ಅಂತ ತೀರ್ಮಾನವಾಯಿತು. ಸಂಪಾದಕರ ಗುಂಪಿನಲ್ಲಿ ಕೂತು ಅದನ್ನು ಸಾಕಷ್ಟು ಕಾಲ ಬಳಸಿದ್ದೇನೆ. ಹೊಸದಾಗಿ ಪತ್ರಿಕೆ ಶುರು ಮಾಡುವವರಿಗೆ ಉಪಯೋಗವಾಗಲಿ ಅಂತ ಈ ವಿಮರ್ಶೆ.

ನನ್ನ ಅಳತೆಗೋಲು ಒಂದೇ. ಒಬ್ಬ ಸ್ವಯಂಸೇವಕ ಬಿಡುವು ಮಾಡಿಕೊಂಡು ಲೇಖನ ಬರೆದು ಕೊಟ್ಟ ಕ್ಷಣದಿಂದ ಅದು ಪ್ರಕಟವಾಗುವವರೆಗಿನ ದಾರಿ ಹೇಗಿದೆ? ಮುಖಪುಟ ಎಷ್ಟು ಚೆನ್ನಾಗಿ ಕಾಣುತ್ತದೆ, ಪುಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಸಂಬಳ ಇಲ್ಲದೆ ಬರೆಯುವವರು ಪತ್ರಿಕೆ ಬಿಟ್ಟು ಹೋಗುವುದು ಈ ನಡುವಿನ ದಾರಿಯಲ್ಲೇ. ಲೇಖನ ಕೊಟ್ಟರು, ಉತ್ತರ ಬರಲಿಲ್ಲ, ಮತ್ತೆ ಯಾವತ್ತೂ ಬರೆಯಲಿಲ್ಲ. ಎಷ್ಟೋ ಸಮುದಾಯ ಪತ್ರಿಕೆಗಳು ಹೀಗೇ ಸದ್ದಿಲ್ಲದೆ ನಿಂತಿವೆ.

ಈ ಹಾದಿಯಲ್ಲಿ ನಾವೇನೂ ಮೊದಲಿಗರಲ್ಲ. ಲಿನಕ್ಸ್ ಗೆಜೆಟ್ 1995ರಲ್ಲೇ ಶುರುವಾಗಿ 2011ರವರೆಗೆ ನಡೆಯಿತು. ಉಬುಂಟು ಬಳಸುವವರ ಫುಲ್ ಸರ್ಕಲ್ 2007ರಿಂದ ತಿಂಗಳಿಗೊಂದು ಪಿಡಿಎಫ್ ಸಂಚಿಕೆಯ ದಾರಿ ಹಿಡಿಯಿತು. ಫೆಡೋರಾ ಮ್ಯಾಗಜೀನ್ 2013ರಲ್ಲಿ ಬಂತು, ಅದು ನಡೆಯುವುದು ವರ್ಡ್‌ಪ್ರೆಸ್ ಮೇಲೆ. ವರ್ಡ್‌ಪ್ರೆಸ್‌ನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಜೂಮ್ಲಾ ಸಮುದಾಯದ ಪತ್ರಿಕೆ ಸಹಜವಾಗಿಯೇ ಜೂಮ್ಲಾ ಮೇಲೆ ನಡೆಯುತ್ತದೆ. ಅಂದರೆ ಒಂದೇ ಸರಿಯಾದ ಉತ್ತರ ಅಂತ ಇಲ್ಲ. ಆದರೆ ನಿಮ್ಮ ಸಮುದಾಯದಲ್ಲಿ ಬರೆಯುವವರು ಯಾರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಇದನ್ನು ಮೊದಲು ಯೋಚಿಸಿ.

ಕೋಡ್ ಬರೆಯುವವರನ್ನು ಕೇಳಿದರೆ ಹ್ಯೂಗೋ ಅಥವಾ ಜೆಕಿಲ್ ಅನ್ನುತ್ತಾರೆ, ಇವು ಪಠ್ಯದ ಫೈಲ್‌ಗಳಿಂದ ಸಿದ್ಧ ವೆಬ್ ಪುಟಗಳನ್ನು ಕಟ್ಟಿಕೊಡುವ ಸಾಧನಗಳು. ಲೇಖನಗಳೆಲ್ಲ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಫೈಲ್‌ಗಳು, ಎಲ್ಲವೂ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ, ಡೇಟಾಬೇಸ್ ಬೇಡ, ಹ್ಯಾಕ್ ಆಗುವ ಭಯ ಕಡಿಮೆ, ಹೋಸ್ಟಿಂಗ್ ಹೆಚ್ಚುಕಡಿಮೆ ಬಿಟ್ಟಿ. ಎಲ್ಲವೂ ನಿಜ. ಆದರೆ ಸಮುದಾಯದಲ್ಲಿ ಬರೆಯಲು ಯೋಗ್ಯವಾದ ವಿಷಯ ಇರುವುದು ಕೋಡ್ ಬರೆಯುವವರ ಹತ್ತಿರ ಮಾತ್ರ ಅಲ್ವಲ್ಲ. ಅನುವಾದ ಮಾಡುವವರು, ಐಕಾನ್ ಬಿಡಿಸುವವರು, ಹೊಸಬರ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡುವವರು, ಸಮ್ಮೇಳನ ಸಂಘಟಿಸುವವರು, ಶಾಲೆಯಲ್ಲೋ ಗ್ರಂಥಾಲಯದಲ್ಲೋ ಈ ಸಾಫ್ಟ್‌ವೇರ್ ಹಾಕಿಕೊಟ್ಟು ಕಲಿಸುವವರು, ಇವರ ಹತ್ತಿರ ಇರುವ ಕಥೆಗಳು ಬೇರೆ ಯಾರ ಹತ್ತಿರವೂ ಇಲ್ಲ. ಅವರಿಗೆ "ರೆಪೊಸಿಟರಿ ಫೋರ್ಕ್ ಮಾಡಿ, ಬ್ರಾಂಚ್ ತೆಗೆದು, ಪುಲ್ ರಿಕ್ವೆಸ್ಟ್ ಕಳಿಸಿ" ಅಂದರೆ ಲೇಖನ ಅಲ್ಲಿಗೇ ನಿಂತುಹೋಗುತ್ತದೆ. ನಮ್ಮಲ್ಲಿ ವರ್ಡ್‌ಪ್ರೆಸ್ ಗೆದ್ದದ್ದು ಈ ಒಂದೇ ಕಾರಣಕ್ಕೆ. ಬ್ರೌಸರ್ ತೆರೆದು, ಲಾಗಿನ್ ಆಗಿ, ಟೈಪ್ ಮಾಡಿದರೆ ಆಯಿತು.

ಒಂದು ಸಣ್ಣ ಸ್ಪಷ್ಟನೆ. ನಾನು ಹೇಳುತ್ತಿರುವುದು ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಂಡು ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳುವ ಸಾಫ್ಟ್‌ವೇರ್ ಬಗ್ಗೆ. ಡಾಟ್ ಕಾಮ್ ಅನ್ನುವುದು ಆಟೊಮ್ಯಾಟಿಕ್ ಕಂಪನಿ ನಡೆಸುವ ವಾಣಿಜ್ಯ ಸೇವೆ, ಅದರ ವಿಚಾರ ಬೇರೆ. ಸಾಫ್ಟ್‌ವೇರ್ 2003ರ ಮೇ ತಿಂಗಳಲ್ಲಿ ಮೊದಲು ಬಿಡುಗಡೆಯಾಯಿತು. ಬಿ2 ಅನ್ನುವ ಹಳೆಯ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು ಅನ್ನುವ ಜಿಪಿಎಲ್ ಲೈಸೆನ್ಸ್. ಓಪನ್ ಸೋರ್ಸ್ ಸಮುದಾಯದ ಪತ್ರಿಕೆ ಓಪನ್ ಸೋರ್ಸ್ ಮೇಲೇ ನಡೆಯಬೇಕು ಅನ್ನುವ ಆಸೆ ಇರುವವರಿಗೆ ಇದು ಮುಖ್ಯ. ನನಗಂತೂ ಮುಖ್ಯ.

ಈಗ ಅಸಲು ವಿಷಯಕ್ಕೆ ಬರೋಣ. ವರ್ಡ್‌ಪ್ರೆಸ್‌ನಲ್ಲಿ ಬಳಕೆದಾರರಿಗೆ ಐದು ದರ್ಜೆಗಳಿವೆ: ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್. ಹೊಸ ಬರಹಗಾರರಿಗೆ ಕಂಟ್ರಿಬ್ಯೂಟರ್ ದರ್ಜೆ ಹೇಳಿ ಮಾಡಿಸಿದಂತಿದೆ. ಅವರಿಗೆ ತಮ್ಮ ಲೇಖನ ಮಾತ್ರ ಬರೆಯಲು, ತಿದ್ದಲು ಆಗುತ್ತದೆ. ಪ್ರಕಟಿಸಲು ಆಗುವುದಿಲ್ಲ. ಬೇರೆಯವರಿಗೆ ಪಬ್ಲಿಶ್ ಅಂತ ಕಾಣುವ ಬಟನ್ ಅವರಿಗೆ "ಸಬ್ಮಿಟ್ ಫಾರ್ ರಿವ್ಯೂ" ಅಂತ ಕಾಣುತ್ತದೆ. ಒತ್ತಿದರೆ ಲೇಖನ "ಪೆಂಡಿಂಗ್" ಪಟ್ಟಿಗೆ ಸೇರುತ್ತದೆ. ಎಷ್ಟು ಸರಳ ನೋಡಿ. ತಪ್ಪಿ ಅರ್ಧ ಬರೆದದ್ದನ್ನು ಪ್ರಕಟಿಸಿಬಿಟ್ಟೆನಾ ಅನ್ನುವ ಭಯ ಹೊಸಬರಿಗೆ ಇರುವುದಿಲ್ಲ. ಆ ಭಯ ಇಲ್ಲದಿದ್ದರೆ ಜನ ಬರೆಯುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಇಲ್ಲೇ ಒಂದು ದೊಡ್ಡ ಕೊಕ್ಕೆ ಇದೆ. ಕಂಟ್ರಿಬ್ಯೂಟರ್‌ಗೆ ಚಿತ್ರ ಅಪ್‌ಲೋಡ್ ಮಾಡುವ ಅನುಮತಿ ಇಲ್ಲ! ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಸ್ಕ್ರೀನ್‌ಶಾಟ್ ಇಲ್ಲದೆ ಲೇಖನ ಹೇಗೆ ಬರೆಯುವುದು? "ಎಡಗಡೆ ಮೆನುವಿನಲ್ಲಿ ಮೂರನೇ ಐಕಾನ್ ಒತ್ತಿ" ಅಂತ ಬರೆದು ಚಿತ್ರವನ್ನು ಈಮೇಲ್‌ನಲ್ಲಿ ಬೇರೆ ಕಳಿಸುವುದು, ಸಂಪಾದಕರು ಅದನ್ನು ಹುಡುಕಿ ಸರಿಯಾದ ಜಾಗಕ್ಕೆ ಹಾಕುವುದು, ಇದರಲ್ಲೇ ಇಬ್ಬರ ಸಂಜೆಯೂ ಕಳೆಯುತ್ತದೆ. ಒಂದು ದಾರಿ ಅಂದರೆ ಎಲ್ಲರಿಗೂ ಆಥರ್ ದರ್ಜೆ ಕೊಡುವುದು, ಆದರೆ ಆಥರ್‌ಗಳು ತಮ್ಮ ಲೇಖನವನ್ನು ತಾವೇ ಪ್ರಕಟಿಸಬಹುದು, ಆಗ ಸಂಪಾದನೆ ಅನ್ನುವುದು ಹೆಸರಿಗಷ್ಟೇ ಉಳಿಯುತ್ತದೆ. ಸರಿಯಾದ ದಾರಿ ಅಂದರೆ ಕಂಟ್ರಿಬ್ಯೂಟರ್ ದರ್ಜೆಗೆ ಅಪ್‌ಲೋಡ್ ಅನುಮತಿ ಒಂದನ್ನು ಮಾತ್ರ ಸೇರಿಸುವುದು. ದರ್ಜೆಗಳನ್ನು ಬದಲಿಸುವ ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಸಣ್ಣ ಸಾಫ್ಟ್‌ವೇರ್) ಯಾವುದಾದರೂ ಸಾಕು, ಕೋಡ್ ಬರುವವರಿದ್ದರೆ ಕೆಲವೇ ಸಾಲಿನ ಕೆಲಸ. ಪತ್ರಿಕೆ ಶುರುವಾಗುವ ಮುಂಚೆಯೇ ಇದನ್ನು ಮಾಡಿಬಿಡಿ.

ಲೇಖನ ಒಮ್ಮೆ ಪ್ರಕಟವಾದ ಮೇಲೆ ಕಂಟ್ರಿಬ್ಯೂಟರ್ ಅದನ್ನು ತಿದ್ದಲು ಆಗುವುದಿಲ್ಲ. ಇದು ತೊಂದರೆ ಅಂತ ಕೆಲವರು ಗೊಣಗುತ್ತಾರೆ. ನನಗೆ ಇದು ಸರಿ ಅನಿಸುತ್ತದೆ. ಓದುಗರು ಓದಿ ಆದ ಮೇಲೆ ಬದಲಾಗುವ ವಾಕ್ಯದ ಹಿಂದೆ ಎರಡನೇ ಕಣ್ಣು ಇರಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ, ಯಾಕೆಂದರೆ ಅದು ಕಣ್ಣಿಗೇ ಬೀಳುವುದಿಲ್ಲ. ಲೇಖನ ಪೆಂಡಿಂಗ್ ಪಟ್ಟಿಗೆ ಬಂದಾಗ ವರ್ಡ್‌ಪ್ರೆಸ್ ಸಂಪಾದಕರಿಗೆ ಒಂದು ಈಮೇಲ್ ಕೂಡ ಕಳಿಸುವುದಿಲ್ಲ. ಪ್ರಕಟವಾದಾಗ ಬರೆದವರಿಗೂ ಹೇಳುವುದಿಲ್ಲ. ಸಂಪಾದಕರೂ ಸ್ವಯಂಸೇವಕರೇ ತಾನೆ, ದಿನಾ ಡ್ಯಾಶ್‌ಬೋರ್ಡ್ ತೆರೆದು ಕೂರುವವರಲ್ಲ. ಲೇಖನ ಸುಮ್ನೆ ಅಲ್ಲೇ ಕೂತಿರುತ್ತದೆ, ಬರೆದವರು "ನನ್ನದು ಇಷ್ಟವಾಗಲಿಲ್ಲವೇನೋ" ಅಂದುಕೊಂಡು ಸುಮ್ಮನಾಗುತ್ತಾರೆ. ಒಬ್ಬರ ಪರಿಶ್ರಮ ಹೀಗೆ ಉತ್ತರವಿಲ್ಲದೆ ಬಿದ್ದಿರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪಬ್ಲಿಶ್‌ಪ್ರೆಸ್ ಪ್ಲಾನರ್ ಅನ್ನುವ ಪ್ಲಗಿನ್ ಈ ಕೊರತೆ ತುಂಬುತ್ತದೆ. ಲೇಖನದ ಸ್ಥಿತಿ ಬದಲಾದಾಗಲೆಲ್ಲ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಿಸುತ್ತದೆ. ಯಾವ ದಿನ ಯಾವ ಲೇಖನ ಅನ್ನುವ ಕ್ಯಾಲೆಂಡರ್ ಕೂಡ ಕೊಡುತ್ತದೆ. ನಾನು ಕಡ್ಡಾಯ ಅನ್ನುವ ಪ್ಲಗಿನ್‌ಗಳು ಬಹಳ ಕಡಿಮೆ, ಇದು ಅವುಗಳಲ್ಲಿ ಒಂದು. ಪ್ಲಗಿನ್ ಜೊತೆಗೆ ಒಂದು ನಿಯಮವೂ ಬೇಕು: ಲೇಖನ ಬಂದು ಮೂರು ದಿನದೊಳಗೆ ಯಾರಾದರೂ ಒಬ್ಬರು "ಸಿಕ್ಕಿತು, ಓದುತ್ತಿದ್ದೇವೆ, ಇಂಥವರು ನೋಡುತ್ತಾರೆ" ಅಂತ ಬರೆಯಲೇಬೇಕು. ತಿದ್ದುಪಡಿ ತಡವಾದರೆ ಪರವಾಗಿಲ್ಲ, ಆ ಮೊದಲ ಉತ್ತರ ಮಾತ್ರ ತಡವಾಗಬಾರದು.

ತಿದ್ದುವ ಕೆಲಸದಲ್ಲಿ ವರ್ಡ್‌ಪ್ರೆಸ್ ನನ್ನ ಮೆಚ್ಚುಗೆ ಗಳಿಸಿದ್ದು ರಿವಿಜನ್‌ನಿಂದ. ಪ್ರತಿ ಸಲ ಸೇವ್ ಮಾಡಿದಾಗಲೂ ಹಳೆಯ ಪ್ರತಿ ಉಳಿಯುತ್ತದೆ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಯಾರು ಏನು ಬದಲಿಸಿದರು ಅಂತ ಬಣ್ಣದಲ್ಲಿ ನೋಡಬಹುದು, ಬೇಡವಾದರೆ ಹಿಂದಕ್ಕೆ ಹೋಗಬಹುದು. ಪ್ರಕಟವಾಗುವವರೆಗೆ ಬರೆದವರಿಗೂ ಇದು ಕಾಣುತ್ತದೆ, ಹಾಗಾಗಿ "ನನ್ನ ಲೇಖನಕ್ಕೆ ಏನು ಮಾಡಿದಿರಿ" ಅನ್ನುವ ಅನುಮಾನಕ್ಕೆ ಜಾಗವಿಲ್ಲ. ಒಬ್ಬರು ತೆರೆದಿರುವ ಲೇಖನವನ್ನು ಇನ್ನೊಬ್ಬರು ತೆರೆಯಲು ಹೋದರೆ "ಇಂಥವರು ಈಗ ತಿದ್ದುತ್ತಿದ್ದಾರೆ" ಅಂತ ತಡೆಯುತ್ತದೆ. ಬೇಕಾದರೆ ಅವರಿಂದ ವಹಿಸಿಕೊಳ್ಳಬಹುದು, ಆದರೆ ಕೇಳಿ ವಹಿಸಿಕೊಳ್ಳಿ. ಇಬ್ಬರೂ ಒಂದೇ ಹೊತ್ತಿಗೆ ತಿದ್ದಬೇಕು ಅಂದರೆ ಗೂಗಲ್ ಡಾಕ್ಸ್ ಅಥವಾ ಈಥರ್‌ಪ್ಯಾಡ್ ತರಹದ್ದೇ ಬೇಕು. ಒಂದು ಒಳ್ಳೆಯ ಸುದ್ದಿ ಅಂದರೆ 2025ರ ಡಿಸೆಂಬರಿನಲ್ಲಿ ಬಂದ 6.9 ಆವೃತ್ತಿಯಲ್ಲಿ ನೋಟ್ಸ್ ಸೌಲಭ್ಯ ಸೇರಿದೆ. ಒಂದು ಪ್ಯಾರಾದ ಪಕ್ಕದಲ್ಲೇ "ಈ ಹೆಜ್ಜೆ ಹೊಸ ಆವೃತ್ತಿಯಲ್ಲೂ ಹೀಗೇ ಇದೆಯಾ?" ಅಂತ ಟಿಪ್ಪಣಿ ಬಿಡಬಹುದು, ಬರೆದವರು ಅಲ್ಲೇ ಉತ್ತರಿಸಬಹುದು. ಮೊದಲು ಇದಕ್ಕೆಲ್ಲ ಈಮೇಲ್ ಮೇಲೆ ಈಮೇಲ್ ಹೋಗುತ್ತಿತ್ತು. ಪತ್ರಿಕೆ ನಡೆಸುವವರಿಗೆ ಇತ್ತೀಚಿನ ವರ್ಷಗಳಲ್ಲಿ ಸಿಕ್ಕ ಅತ್ಯಂತ ಉಪಯುಕ್ತ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ.

ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೊಡುವ ಕಮಾಂಡ್‌ಗಳ ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ವರ್ಡ್‌ಪ್ರೆಸ್ ಸಾಮಾನ್ಯ ಪ್ಯಾರಾದಲ್ಲಿರುವ ನೇರ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿ ತಾನೇ ಬದಲಿಸುತ್ತದೆ, ಪಕ್ಕಪಕ್ಕದ ಎರಡು ಅಡ್ಡಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡುತ್ತದೆ. ಕಥೆ, ಪ್ರಬಂಧಕ್ಕೆ ಇದು ಚೆಂದ. ಆದರೆ ಎರಡು ಅಡ್ಡಗೆರೆ ಹಾಕಿ "ಹೆಲ್ಪ್" ಅಂತ ಬರೆಯುವ ಕಮಾಂಡ್ ಪ್ಯಾರಾದೊಳಗೆ ಬಂದರೆ ಓದುಗರಿಗೆ ಕಾಣುವುದು ಒಂದೇ ಗೆರೆ. ಅವರು ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಹಾಕುತ್ತಾರೆ, ಎರರ್ ಬರುತ್ತದೆ, ಪತ್ರಿಕೆ ತಪ್ಪು ಹೇಳಿದೆ ಅಂದುಕೊಳ್ಳುತ್ತಾರೆ. ಬರೆದವರ ಪರದೆಯಲ್ಲಿ ನೋಡಿದರೆ ಎಲ್ಲ ಸರಿಯಾಗೇ ಇರುತ್ತದೆ, ಯಾಕೆಂದರೆ ಬದಲಾವಣೆ ಆಗುವುದು ಪ್ರಕಟವಾದ ಪುಟದಲ್ಲಿ. ಪರಿಹಾರ ಸುಲಭ: ಕಮಾಂಡ್ ಎಷ್ಟೇ ಚಿಕ್ಕದಿರಲಿ, ಕೋಡ್ ಬ್ಲಾಕ್‌ನಲ್ಲಿ ಹಾಕಿ, ವಾಕ್ಯದ ನಡುವೆ ಬಂದರೆ ಎರಡೂ ಕಡೆ ಬ್ಯಾಕ್‌ಟಿಕ್ (`) ಒತ್ತಿ ಇನ್‌ಲೈನ್ ಕೋಡ್ ಮಾಡಿ. ಕೋಡ್ ಒಳಗೆ ವರ್ಡ್‌ಪ್ರೆಸ್ ಕೈ ಹಾಕುವುದಿಲ್ಲ. ಪ್ರಕಟವಾದ ಪುಟದಿಂದಲೇ ಕಮಾಂಡ್ ಕಾಪಿ ಮಾಡಿ ಓಡಿಸಿ ನೋಡುವುದು ನಮ್ಮ ಸಂಪಾದಕರ ಕೆಲಸದ ಭಾಗ. ಬಣ್ಣಬಣ್ಣದ ಸಿಂಟ್ಯಾಕ್ಸ್ ಹೈಲೈಟಿಂಗ್ ಮೂಲ ಸಾಫ್ಟ್‌ವೇರ್‌ನಲ್ಲಿ ಇಲ್ಲ, ಬೇಕಾದರೆ ಪ್ಲಗಿನ್ ಹಾಕಿ. ಇಲ್ಲದಿದ್ದರೂ ನಡೆಯುತ್ತದೆ.

ಸಮಯ ನಿಗದಿ ಮಾಡಿ ಪ್ರಕಟಿಸುವ ಸೌಲಭ್ಯ ಇದೆ, ಆದರೆ ಹೊಸ ಪತ್ರಿಕೆಗೆ ಅದು ಕೈ ಕೊಡಬಹುದು. ವರ್ಡ್‌ಪ್ರೆಸ್‌ಗೆ ಸ್ವಂತ ಗಡಿಯಾರ ಇಲ್ಲ. ಯಾರಾದರೂ ಸೈಟಿಗೆ ಭೇಟಿ ಕೊಟ್ಟಾಗ ಮಾತ್ರ "ಈಗ ಮಾಡಬೇಕಾದ ಕೆಲಸ ಏನಾದರೂ ಇದೆಯಾ" ಅಂತ ನೋಡುತ್ತದೆ. ಶುರುವಿನಲ್ಲಿ ಓದುಗರು ಕಡಿಮೆ ಇರುತ್ತಾರಲ್ಲ, ಬೆಳಿಗ್ಗೆ ಎಂಟಕ್ಕೆ ಅಂತ ಇಟ್ಟ ಲೇಖನ ಮೊದಲ ಓದುಗ ಬರುವವರೆಗೂ ಕಾಯುತ್ತಾ ಕೂರುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಹೀಗೆ ಭೇಟಿಗೆ ಕಾಯುವ ಡಬ್ಲ್ಯುಪಿ-ಕ್ರಾನ್ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವರ್‌ನ ನಿಜವಾದ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಅದನ್ನು ಕರೆಸಿದರೆ ತೊಂದರೆ ಮುಗಿಯಿತು. ಹ್ಯೂಗೋದಲ್ಲೂ ಇದೇ ಕಥೆ. ಮುಂದಿನ ದಿನಾಂಕದ ಲೇಖನ ತಾನಾಗಿ ಬರುವುದಿಲ್ಲ, ಆ ದಿನ ಯಾರಾದರೂ ಅಥವಾ ಯಾವುದಾದರೂ ಸೈಟನ್ನು ಮತ್ತೆ ಬಿಲ್ಡ್ ಮಾಡಬೇಕು, ಅಂದರೆ ಪುಟಗಳನ್ನು ಹೊಸದಾಗಿ ಕಟ್ಟಬೇಕು.

ಸಂಚಿಕೆ ರೂಪದಲ್ಲಿ ತರಬೇಕಾ, ಲೇಖನ ಸಿದ್ಧವಾದ ಹಾಗೆ ಹಾಕುತ್ತಾ ಹೋಗಬೇಕಾ? ಸಂಚಿಕೆಗೆ ಒಂದು ಅಂದ ಇದೆ, ಮುಖಪುಟ ಇದೆ, ಹಂಚಿಕೊಳ್ಳುವ ಸಂಭ್ರಮ ಇದೆ. ಆದರೆ ಒಬ್ಬರ ಲೇಖನ ತಡವಾದರೆ ಎಲ್ಲರದ್ದೂ ತಡ. ವರ್ಡ್‌ಪ್ರೆಸ್ ಹುಟ್ಟಿರುವುದೇ ಒಂದರ ಹಿಂದೊಂದು ಹಾಕುತ್ತಾ ಹೋಗುವುದಕ್ಕೆ, ಸಂಚಿಕೆ ಬೇಕೆಂದರೆ ವರ್ಗ ಮಾಡಿ, ಪುಟ ಕಟ್ಟಿ ಒದ್ದಾಡಬೇಕು. ಸ್ವಯಂಸೇವಕರ ಪತ್ರಿಕೆಗೆ ನಾನು ಹೇಳುವುದು ವಾರಕ್ಕೊಂದು ಲೇಖನ, ಗೊತ್ತಾದ ದಿನ. ಶುರು ಮಾಡುವಾಗ ಕನಿಷ್ಠ ಎರಡು ತಿಂಗಳಿಗಾಗುವಷ್ಟು ಲೇಖನ ಕೈಯಲ್ಲಿರಲಿ. ಮೊದಲ ಲೇಖನ "ನಮ್ಮ ಪತ್ರಿಕೆಗೆ ಸ್ವಾಗತ" ಅಂತ ಮಾತ್ರ ಇರಬಾರದು. ಓದಿದವರಿಗೆ ಆವತ್ತೇ ಏನಾದರೂ ಉಪಯೋಗಕ್ಕೆ ಬರಬೇಕು, ಸ್ವಾಗತದ ಮಾತು ಅದರ ಪಕ್ಕದಲ್ಲಿ ಇರಲಿ.

ಲೇಖನಗಳನ್ನು ಬೇರೆಯವರು ಹೇಗೆ ಬಳಸಬಹುದು ಅನ್ನುವ ಲೈಸೆನ್ಸ್ ಬಗ್ಗೆ ಸಾಫ್ಟ್‌ವೇರ್ ಏನೂ ಕೇಳುವುದಿಲ್ಲ, ನೀವೇ ನೆನಪಿಟ್ಟುಕೊಳ್ಳಬೇಕು. ಮೊದಲ ಲೇಖನ ಸ್ವೀಕರಿಸುವ ಮುಂಚೆ ತೀರ್ಮಾನಿಸಿ, ಬರೆಯುವವರ ಪುಟದಲ್ಲೇ ಹಾಕಿ. ನನ್ನ ಆಯ್ಕೆ ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0, ಫೆಡೋರಾ ಮ್ಯಾಗಜೀನ್ ಕೂಡ ಇದನ್ನೇ ಬಳಸುತ್ತದೆ. ಬೇರೆ ಭಾಷೆಗೆ ಅನುವಾದ ಮಾಡಿ ಹಂಚಲು ಯಾರನ್ನೂ ಕೇಳಬೇಕಿಲ್ಲ, ಹೆಸರು ಹಾಕಿ ಅದೇ ಲೈಸೆನ್ಸ್‌ನಲ್ಲಿ ಕೊಟ್ಟರೆ ಆಯಿತು. ಎನ್‌ಡಿ (ಬದಲಿಸಿ ಹಂಚುವಂತಿಲ್ಲ) ಅನ್ನುವ ಷರತ್ತು ಸೇರಿಸಿದರೆ ಅನುವಾದವನ್ನು ಹಂಚುವಂತೆಯೇ ಇಲ್ಲ. ಆಮೇಲೆ ಲೈಸೆನ್ಸ್ ಬದಲಿಸಬೇಕು ಅಂದರೆ ಹಿಂದೆ ಬರೆದ ಪ್ರತಿಯೊಬ್ಬರನ್ನೂ ಹುಡುಕಿ ಒಪ್ಪಿಗೆ ಪಡೆಯಬೇಕು. ಅವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಸಮುದಾಯ ಬಿಟ್ಟಿರುತ್ತಾರೆ.

ಹೆಸರಿನ ವಿಷಯ ಬಂದಾಗ ಇನ್ನೊಂದು ಕೊರತೆ ಹೇಳಲೇಬೇಕು. ವರ್ಡ್‌ಪ್ರೆಸ್ ಒಂದು ಲೇಖನಕ್ಕೆ ಒಬ್ಬರೇ ಲೇಖಕರು ಅಂದುಕೊಳ್ಳುತ್ತದೆ. ನಮ್ಮಲ್ಲಿ ಇಬ್ಬರು ಸೇರಿ ಬರೆಯುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅನುವಾದಿಸುವುದು ಮಾಮೂಲಿ. ಸಂಬಳ ಇಲ್ಲದ ಕಡೆ ಹೆಸರೇ ಸಂಬಳ. ಅದನ್ನು ಅರ್ಧ ಜನರಿಗೆ ಕೊಟ್ಟು ಅರ್ಧ ಜನರಿಗೆ ಕೊಡದೆ ಇರುವುದು ಅನ್ಯಾಯ. ಕೋ-ಆಥರ್ಸ್ ಪ್ಲಸ್ ಪ್ಲಗಿನ್ ಹಾಕಿಕೊಂಡರೆ ಎಷ್ಟು ಜನರ ಹೆಸರು ಬೇಕಾದರೂ ಹಾಕಬಹುದು, ಖಾತೆ ಇಲ್ಲದ ಅತಿಥಿ ಲೇಖಕರದ್ದೂ ಸೇರಿ. ಬಹುಭಾಷೆಯ ಸೌಲಭ್ಯವೂ ಮೂಲದಲ್ಲಿಲ್ಲ, ಪಾಲಿಲ್ಯಾಂಗ್ ತರಹದ ಪ್ಲಗಿನ್ ಬೇಕು. ಈ ಒಂದು ವಿಷಯದಲ್ಲಿ ಹ್ಯೂಗೋ ಮುಂದಿದೆ, ಅದರಲ್ಲಿ ಬಹುಭಾಷೆ ಒಳಗೇ ಇದೆ.

ಸ್ವಯಂಸೇವಕರು ಬರುತ್ತಾರೆ, ಹೋಗುತ್ತಾರೆ. ಹೋದವರ ಖಾತೆ ತೆಗೆಯುವಾಗ ಬಹಳ ಎಚ್ಚರ ಇರಲಿ. ಡಿಲೀಟ್ ಒತ್ತಿದರೆ ವರ್ಡ್‌ಪ್ರೆಸ್ ಕೇಳುತ್ತದೆ: ಇವರು ಬರೆದದ್ದನ್ನೆಲ್ಲ ಅಳಿಸಲೇ, ಇಲ್ಲಾ ಬೇರೆಯವರ ಹೆಸರಿಗೆ ಹಾಕಲೇ? ಮೊದಲನೆಯದನ್ನು ಆರಿಸಿದರೆ ಅವರ ಲೇಖನಗಳೆಲ್ಲ ಹೋದವು. ಎರಡನೆಯದನ್ನು ಆರಿಸಿದರೆ ಅವರು ಕಷ್ಟಪಟ್ಟು ಬರೆದದ್ದರ ಮೇಲೆ ಇನ್ನೊಬ್ಬರ ಹೆಸರು ಬರುತ್ತದೆ. ಎರಡೂ ಬೇಡ. ಖಾತೆ ಹಾಗೇ ಇರಲಿ, ದರ್ಜೆಯನ್ನು ಮಾತ್ರ "ಈ ಸೈಟಿನಲ್ಲಿ ಯಾವ ದರ್ಜೆಯೂ ಇಲ್ಲ" ಅಂತ ಬದಲಿಸಿ. ಹೆಸರು ಉಳಿಯುತ್ತದೆ, ಅಧಿಕಾರ ಹೋಗುತ್ತದೆ. ಅಡ್ಮಿನಿಸ್ಟ್ರೇಟರ್‌ಗಳು ಇಬ್ಬರು ಮೂವರು ಸಾಕು, ಅವರಿಗೆಲ್ಲ ಎರಡು ಹಂತದ ಲಾಗಿನ್ ಕಡ್ಡಾಯ. ಡೊಮೇನ್ ಹೆಸರು ಮಾತ್ರ ಯಾವತ್ತೂ ಒಬ್ಬರ ಸ್ವಂತ ಖಾತೆಯಲ್ಲಿ ಇರಬಾರದು.

ಸುರಕ್ಷತೆಯ ಬಗ್ಗೆ ಜನ ಹೆದರಿಸುತ್ತಾರೆ. ಮೂಲ ಸಾಫ್ಟ್‌ವೇರ್‌ನ ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರ 3.7 ಆವೃತ್ತಿಯಿಂದಲೂ ತಾವಾಗೇ ಆಗುತ್ತವೆ. ತೊಂದರೆ ಜಾಸ್ತಿ ಬರುವುದು ಪ್ಲಗಿನ್‌ಗಳಿಂದ. ಹಾಗಾಗಿ ಮೇಲೆ ಹೇಳಿದ ಕೆಲವನ್ನು ಬಿಟ್ಟು ಇನ್ನೊಂದು ಸೇರಿಸುವ ಮುಂಚೆ ಎರಡು ಸಲ ಯೋಚಿಸಿ. ಸ್ಲೈಡರ್, ಪಾಪ್‌ಅಪ್, ಅನಿಮೇಷನ್ ಯಾವುದೂ ಪತ್ರಿಕೆಗೆ ಬೇಡ.

2024ರಲ್ಲಿ ವರ್ಡ್‌ಪ್ರೆಸ್ ನಾಯಕತ್ವಕ್ಕೂ ಡಬ್ಲ್ಯುಪಿ ಎಂಜಿನ್ ಅನ್ನುವ ಹೋಸ್ಟಿಂಗ್ ಕಂಪನಿಗೂ ನಡೆದ ಜಗಳ ಕೋರ್ಟ್ ಮೆಟ್ಟಿಲೇರಿತು. ಅದನ್ನು ನೋಡಿ ಇದನ್ನು ನಂಬಬಹುದಾ ಅಂತ ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಾಫ್ಟ್‌ವೇರ್ ಜಿಪಿಎಲ್‌ನಲ್ಲಿದೆ, ನಿಮ್ಮ ಸರ್ವರ್‌ನಲ್ಲಿರುವ ಪ್ರತಿಯನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ಆದರೆ ಪ್ಲಗಿನ್‌ಗಳು, ಅಪ್‌ಡೇಟ್‌ಗಳು ಬರುವುದು ಒಂದೇ ಕೇಂದ್ರದಿಂದ ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಪ್ಲಗಿನ್ ಕಡಿಮೆ ಇಟ್ಟುಕೊಳ್ಳಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ವರ್ಡ್‌ಪ್ರೆಸ್ ತರಹದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಘೋಸ್ಟ್ ಬಗ್ಗೆಯೂ ಕೇಳುತ್ತಾರೆ. ಬರೆಯುವ ಪರದೆ ವರ್ಡ್‌ಪ್ರೆಸ್‌ಗಿಂತ ಚೆಂದ, ಈಮೇಲ್ ಸುದ್ದಿಪತ್ರ ಒಳಗೇ ಇದೆ, ಎಂಐಟಿ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್, ನಡೆಸುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಒಬ್ಬಿಬ್ಬರು ಬರೆಯುವ ಪತ್ರಿಕೆಗೆ ನಾನು ಅದನ್ನೇ ಹೇಳುತ್ತೇನೆ. ಹತ್ತಾರು ಜನ ಬಂದು ಹೋಗುವ, ಹಲವರು ತಿದ್ದುವ ಕಡೆ ವರ್ಡ್‌ಪ್ರೆಸ್‌ನ ದರ್ಜೆಗಳು ಮತ್ತು ಪ್ಲಗಿನ್‌ಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಬರೆಯುವವರೆಲ್ಲ ಪ್ರೋಗ್ರಾಮರ್‌ಗಳೇ ಆಗಿದ್ದರೆ ಹ್ಯೂಗೋ ಹಾಕಿಕೊಳ್ಳಿ, ಧಾರಾಳವಾಗಿ. ಉಳಿದವರಿಗೆ ನನ್ನ ಮತ ವರ್ಡ್‌ಪ್ರೆಸ್‌ಗೆ, ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಆ ಪೆಂಡಿಂಗ್ ಪಟ್ಟಿಯ ಮೌನಕ್ಕೆ.

ಬ್ಯಾಕಪ್ ಬಗ್ಗೆ ಒಂದು ಮಾತು. ಟೂಲ್ಸ್ ಮೆನುವಿನಲ್ಲಿರುವ ಎಕ್ಸ್‌ಪೋರ್ಟ್ ಒತ್ತಿದರೆ ಸಿಗುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಲೇಖನದ ಪಠ್ಯ ಇರುತ್ತದೆ, ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಸರ್ವರ್ ಹೋದರೆ ಸ್ಕ್ರೀನ್‌ಶಾಟ್‌ಗಳೆಲ್ಲ ಹೋದಂತೆ. ಡೇಟಾಬೇಸ್ ಮತ್ತು ಅಪ್‌ಲೋಡ್ಸ್ ಫೋಲ್ಡರ್ ಎರಡನ್ನೂ ಬೇರೆ ಕಡೆ ನಕಲು ಮಾಡಿಡಿ. ಹೋಸ್ಟಿಂಗ್‌ನವರು ಬ್ಯಾಕಪ್ ಇಡುತ್ತೇವೆ ಅಂದರೂ ನಿಮ್ಮದೊಂದು ಇರಲಿ, ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಸೈಟ್ ಎದ್ದು ನಿಲ್ಲುತ್ತದಾ ನೋಡಿ. ಈ ಕೆಲಸಕ್ಕೆ ಸಂಪಾದಕರಲ್ಲದ ಒಬ್ಬ ಸ್ವಯಂಸೇವಕರನ್ನು ಹೆಸರು ಹೇಳಿ ನೇಮಿಸಿ, ಅವರ ಹೆಸರನ್ನೂ ಪತ್ರಿಕೆಯ ತಂಡದ ಪುಟದಲ್ಲಿ ಹಾಕಿ.